ಮಳೆನಾಡಿನ ಡಿಜಿಟಲ್ ಭಂಡಾರ: ಬಳಸುವವರಿಗೊಂದು ಕೈಪಿಡಿ

(ಕೊಡಗು ಆವೃತ್ತಿ. ಗ್ರಂಥಾಲಯ, ಸಮಾಜ, ಸಂಘ ಹಾಗೂ ಒಕ್ಕಗಳ ಬಳಕೆಗೆ. ಮಳೆ ಹಿಡಿಯುವ ಮುನ್ನ ಓದಿ ಮುಗಿಸುವುದು.)

ಅಭಿನಂದನೆಗಳು. ನಿಮ್ಮ ಸಂಸ್ಥೆಯ ಹಳೆಯ ಪುಸ್ತಕ, ಕಡತ, ಫೋಟೋ, ಸ್ಮರಣ ಸಂಚಿಕೆಗಳೆಲ್ಲ ಸ್ಕ್ಯಾನ್ ಆಗಿ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದರೊಳಗೆ ಸೇರಿವೆ. ದೀಪ ಬೆಳಗಿದ್ದಾಗಿದೆ. ಗಣ್ಯರು ಮೌಸ್ ಒತ್ತಿ ಉದ್ಘಾಟಿಸಿದ್ದೂ ಆಗಿದೆ. ಒತ್ತಿದ್ದು ಏನನ್ನು ಎಂಬುದು ಅವರಿಗೂ ನಿಮಗೂ ಗೊತ್ತಿಲ್ಲ, ಆದರೆ ಪರದೆಯ ಮೇಲೆ ಏನೋ ಬಂತು, ಸಭೆ ಚಪ್ಪಾಳೆ ತಟ್ಟಿತು. ಮರುದಿನ 'ಅಮೂಲ್ಯ ದಾಖಲೆಗಳಿನ್ನು ಶಾಶ್ವತ' ಎಂಬ ತಲೆಬರಹವೂ ಪತ್ರಿಕೆಯಲ್ಲಿ ಬಂತು. ಈ ಕೈಪಿಡಿ ಶುರುವಾಗುವುದು ಅದರ ಮರುದಿನದಿಂದ.

ಕೊಡಗಿಗೆ ಕೈಪಿಡಿ ಹೊಸದೇನಲ್ಲ. ಮಡಿಕೇರಿಯ ಸರಕಾರಿ ಶಾಲೆಯ ಮುಖ್ಯಸ್ಥರಾಗಿದ್ದ ರೆವರೆಂಡ್ ಜಿ. ರಿಕ್ಟರ್ 1870ರಲ್ಲೇ 'ಮ್ಯಾನ್ಯುಅಲ್ ಆಫ್ ಕೂರ್ಗ್' ಬರೆದರು. ಮಂಗಳೂರಿನ ಬಾಸೆಲ್ ಮಿಶನ್ ಅದನ್ನು ಹೊರತಂದಿತು. ಆ ಪುಸ್ತಕಕ್ಕೆ ಈಗ ಒಂದೂವರೆ ಶತಮಾನ ದಾಟಿದೆ. ಪ್ರತಿ ಸಿಕ್ಕರೆ ತೆರೆದು ಓದಬಹುದು, ಚಾರ್ಜರ್ ಕೇಳುವುದಿಲ್ಲ. 2006ರಲ್ಲಿ ನಿಮ್ಮ ಸಂಘದ ಬೆಳ್ಳಿಹಬ್ಬಕ್ಕೆಂದು ಮಾಡಿಸಿದ ಸಿ.ಡಿ.ಯನ್ನು ಈಗ ತೆರೆದು ನೋಡಿ. (ಸಿ.ಡಿ. ಹಾಕಲು ಬರುವ ಕಂಪ್ಯೂಟರ್ ಹುಡುಕುವುದಕ್ಕೆ ಒಂದು ವಾರ ಮೀಸಲಿಡಿ.)

ಪೆಟ್ಟಿಗೆಯೊಳಗೆ ಏನೇನಿದೆ

ಹಾರ್ಡ್ ಡಿಸ್ಕ್, ಒಂದು. ಕೇಬಲ್, ಒಂದು, ಅದನ್ನು ಈಗಾಗಲೇ ಯಾರೋ ಫೋನ್ ಚಾರ್ಜ್ ಮಾಡಲು ಒಯ್ದಿದ್ದಾರೆ, ಫೋನಿಗೆ ಹೊಂದುವುದಿಲ್ಲವೆಂದು ಗೊತ್ತಾದ ಮೇಲೂ ವಾಪಸು ತಂದಿಲ್ಲ. ಉಳಿದ ಆಮಂತ್ರಣ ಪತ್ರಿಕೆಗಳು, ಒಂದು ಕಟ್ಟು. ಯಾವ ಫೈಲಿನಲ್ಲಿ ಏನಿದೆ ಎಂಬ ಪಟ್ಟಿ, ಇಲ್ಲ.

ಪಟ್ಟಿ ಇಲ್ಲದಿರುವುದು ತಯಾರಿಕೆಯ ದೋಷವಲ್ಲ. ಸ್ಕ್ಯಾನಿಂಗಿಗೆ ಪುಟಕ್ಕಿಷ್ಟು ಎಂದು ದರ ಗೊತ್ತು ಮಾಡಿದ್ದರು. ಪುಟದಲ್ಲಿ ಏನಿದೆ ಎಂದು ಓದಿ ಬರೆದಿಡುವವರಿಗೆ ದರವನ್ನೇ ಹಾಕಿರಲಿಲ್ಲ. ಆ ಕೆಲಸ ಈಗ ನಿಮ್ಮದು. ಸಂಬಳದ ಬಗ್ಗೆ ಕೇಳಬೇಡಿ.

ಎಲ್ಲಿಡಬೇಕು, ಎಲ್ಲಿಡಬಾರದು

ತಂಪಾದ, ಒಣಗಿದ ಜಾಗದಲ್ಲಿಡಿ ಎಂದು ತಯಾರಕರು ಹೇಳುತ್ತಾರೆ. ತಂಪಿಗೆ ನಮ್ಮಲ್ಲಿ ಕೊರತೆಯಿಲ್ಲ. ಒಣ ಜಾಗದ ಮಾತು ಬೇರೆ. ಕಕ್ಕಡ ತಿಂಗಳಲ್ಲಿ ಭಾಗಮಂಡಲದ ಕಡೆ ಸಂಸಾರ ಮಾಡಿದವರಿಗೆ ಗೊತ್ತು: ಬೀರುವಿನೊಳಗಿನ ಕೋಟಿನ ಮೇಲೆ, ಬೆಲ್ಟಿನ ಮೇಲೆ, ಮೂಲೆಯ ಬೂಟಿನೊಳಗೆ, ಪಟದ ಗಾಜಿನ ಒಳಬದಿಯಲ್ಲಿ ಬೂಷ್ಟು. ಕ್ಯಾಮೆರಾದ ಮಸೂರದೊಳಗೂ ಅದು ಬಲೆ ನೇಯುತ್ತದೆ. ಮದುವೆಯ ವಿಡಿಯೋ ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಡಿಸ್ಕಿನ ಒಳಕ್ಕೆ ನುಗ್ಗದಿದ್ದರೂ ಹಸಿ ಗಾಳಿಗೆ ಅದರ ಲೋಹದ ಬಾಯಿ ಕಿಲುಬು ಹಿಡಿಯುತ್ತದೆ.

ಹಿಂದಿನವರು ತಾಳೆಗರಿ, ಕಾಗದಪತ್ರಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಬಿಸಿ ಹಸಿಯನ್ನು ಎಳೆಯುತ್ತಿತ್ತು, ಹೊಗೆ ಹುಳುವನ್ನು ದೂರ ಇಡುತ್ತಿತ್ತು. ಅದೇ ಅಟ್ಟದಲ್ಲಿ ಮಳೆಗಾಲಕ್ಕೆ ಬೇಕಾದ ಹಂದಿಮಾಂಸವೂ ಒಣಗುತ್ತಿತ್ತು. ಹಾರ್ಡ್ ಡಿಸ್ಕನ್ನು ಅಲ್ಲಿಡಬೇಡಿ. ಮಾಂಸಕ್ಕೆ ಒಪ್ಪುವ ಹವೆ ಇದಕ್ಕೆ ಒಗ್ಗುವುದಿಲ್ಲ. ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಯೂ ಬೇಡ. ಹಾಕಿ ಟ್ರೋಫಿಗಳ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪಿದೆ.

ಫೋಟೋ ಸ್ಟುಡಿಯೋದವರ ಒಂದು ಕ್ರಮವಿದೆ: ಕಪಾಟಿನೊಳಗೆ ಸಣ್ಣ ಬಲ್ಬೊಂದನ್ನು ಹಗಲೂ ರಾತ್ರಿ ಉರಿಸುವುದು. ಒಳ್ಳೆಯ ಕ್ರಮವೇ. ಆದರೆ ಬಲ್ಬು ಉರಿಯಲೇಬೇಕಾದ ದಿನಗಳಲ್ಲಿ ಮರ ಬಿದ್ದು, ಕಂಬ ಮುರಿದು, ಕರೆಂಟ್ ಇರುವುದಿಲ್ಲ. ಆದ್ದರಿಂದ ಗಾಳಿಯಾಡದ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಹರಳು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ; ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆಯಲ್ಲಿ ಮಾತ್ರ ಈ ಕೆಲಸ ಮಾಡಬೇಡಿ, ಆ ನೀಲಿ ಹೊಟ್ಟೆಗೆ ಹೋಗುವಂಥದ್ದಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುವ ವಿದ್ಯೆ ನೀರಿಗೆ ಬಿದ್ದ ಫೋನಿನದು. ಅಲ್ಲಿಯೂ ಅದು ಫಲ ಕೊಟ್ಟಿತೆಂದು ಹೇಳುವವರು ಅಕ್ಕಿ ತಿಂದವರು ಮಾತ್ರ.

ಹೆಸರಿಡುವ ಕ್ರಮ

ಸ್ಕ್ಯಾನರ್ ತಾನಾಗಿ ಕೊಟ್ಟ ಹೆಸರುಗಳು ಒಂದು ಬಗೆ: ಅಕ್ಷರ ಮೂರು, ಅಂಕಿ ನಾಲ್ಕು, ಅರ್ಥ ಸೊನ್ನೆ. ಮನುಷ್ಯರು ಕೊಟ್ಟ ಹೆಸರುಗಳು ಇನ್ನೊಂದು ಬಗೆ: 'ಫೈನಲ್', 'ಫೈನಲ್ ಹೊಸದು', 'ಫೈನಲ್ ಸರಿಯಾದ್ದು', 'ಇದೇ ಕಳಿಸಿ'. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಓದಿದವರಿಗೆ ಏನೋ ತಿಳಿದಂತಾಗುತ್ತದೆ.

ಈ ವಿಷಯದಲ್ಲಿ ಕೊಡಗಿನವರಿಗೆ ಹೊರಗಿನ ತಜ್ಞರು ಬೇಕಾಗಿಲ್ಲ. ನಡಿಕೇರಿಯಂಡ ಚಿಣ್ಣಪ್ಪ. ಪಾಂಡಂಡ ಕುಟ್ಟಪ್ಪ. ಮೊದಲು ಮನೆ, ಆಮೇಲೆ ಆಳು. ಸಂತೆಯಲ್ಲಿ ಹತ್ತು ಮಂದಿ ಒಂದೇ ಹೆಸರಿನವರು ಸೇರಿದರೂ ಯಾರು ಯಾವ ಐನ್‌ಮನೆಯವರೆಂದು ಹೆಸರೇ ಹೇಳಿಬಿಡುತ್ತದೆ. ಫೈಲಿಗೂ ಅದೇ ಪದ್ಧತಿ: ಮೊದಲು ಯಾವ ಸಂಗ್ರಹದ್ದು, ಆಮೇಲೆ ಯಾವ ವಸ್ತು, ಅದರ ಹಿಂದೆ ವರ್ಷ, ತಿಂಗಳು, ದಿನ, ಕೊನೆಗೆ ಪುಟ. ತಿಂಗಳು, ದಿನಕ್ಕಿಂತ ವರ್ಷ ಮುಂದೆ ಬಂದರೆ ಕಂಪ್ಯೂಟರ್ ಅವನ್ನು ತಾನೇ ಕಾಲಕ್ರಮದಲ್ಲಿ ಜೋಡಿಸಿಡುತ್ತದೆ. 1957ರಿಂದ ಮಡಿಕೇರಿಯಲ್ಲಿ ಅಚ್ಚಾಗುತ್ತಿರುವ 'ಶಕ್ತಿ'ಯಂಥ ದಿನಪತ್ರಿಕೆಯ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸುವವರು ಇದೊಂದನ್ನು ಪಾಲಿಸಿದರೆ ಅರ್ಧ ಕೆಲಸ ಮುಗಿಯಿತು.

ಫೋಟೋಗಳ ವಿಚಾರಕ್ಕೆ ಬರೋಣ. ಫೋಟೋಕ್ಕೆ ಎರಡು ಬದಿಗಳಿವೆ ಎಂಬುದನ್ನು ಸ್ಕ್ಯಾನ್ ಮಾಡುವ ಹುಡುಗನಿಗೆ ಹೇಳಿ. ಮುಂಬದಿಯಲ್ಲಿ ಕುಪ್ಯಚೇಲೆ ತೊಟ್ಟ ಏಳು ಜನ ನಿಂತಿರುತ್ತಾರೆ. ಆ ಏಳು ಜನ ಯಾರು ಎಂಬುದು ಹಿಂಬದಿಯಲ್ಲಿ ಸೀಸದಕಡ್ಡಿಯಲ್ಲಿರುತ್ತದೆ. ಹಿಂಬದಿಗೆ ಬೇರೆ ದರ ಕೇಳಿದರೆ ಕೊಟ್ಟುಬಿಡಿ. ಹಿಂಬದಿಯಲ್ಲೂ ಏನೂ ಬರೆದಿಲ್ಲವಾದರೆ, ಮನೆಯಲ್ಲಿ ತೊಂಬತ್ತು ದಾಟಿದವರಿದ್ದರೆ, ಈ ಕೈಪಿಡಿಯನ್ನು ಇಲ್ಲಿಗೇ ಮಡಚಿಟ್ಟು ಮೊದಲು ಹೋಗಿ ಅವರ ಹತ್ತಿರ ಕೂತುಕೊಳ್ಳಿ. ಡಿಸ್ಕಿಗೆ ಇನ್ನೂ ಒಂದೆರಡು ವರ್ಷ ಆಯುಸ್ಸಿದೆ.

ಬಾಸೆಲ್ ಮಿಶನ್ನಿನ ದಫ್ತರಖಾನೆಯವರು ಕೊಡಗಿನ ಹಳೆಯ ಚಿತ್ರಗಳಿಗೆ ಕ್ರಮಸಂಖ್ಯೆ, ವಿವರ ಎಲ್ಲ ಬರೆದು ಜಾಲತಾಣದಲ್ಲಿ ಹಾಕಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಕೂತವರಿಗೆ ಹತ್ತೊಂಬತ್ತನೆಯ ಶತಮಾನದ ಮಡಿಕೇರಿ ಗುರುತಾಗುತ್ತದೆ. ಮಡಿಕೇರಿಯಲ್ಲಿ ಕೂತ ನಮಗೆ ಇಪ್ಪತ್ತು ವರ್ಷದ ಹಿಂದಿನ ಶಿಬಿರದ ಫೋಟೋದಲ್ಲಿ ಎಡದಿಂದ ಮೂರನೆಯವರು ಯಾರೆಂದು ಗೊತ್ತಾಗುವುದಿಲ್ಲ. ಸ್ವಿಸ್ಸರು ಜಾಣರೆಂದಲ್ಲ, ಅಲ್ಲಿ ಬರೆದಿಡುವುದಕ್ಕೆಂದೇ ಒಬ್ಬರನ್ನು ಕೂರಿಸಿದ್ದಾರೆ.

ಅಕ್ಷರದ ಬದಲು ವಿಚಿತ್ರ ಗುರುತುಗಳು ಕಂಡರೆ

ಗಾಬರಿ ಬೇಡ. ಫೈಲ್ ಕೆಟ್ಟಿಲ್ಲ. ಅದು ಕನ್ನಡದಲ್ಲಿ ಇರಲೇ ಇಲ್ಲ, ಅಷ್ಟೆ.

ಯುನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಅಲ್ಲಿ 'ಕ' ಎಂದರೆ ಟೋಕಿಯೋದ ಕಂಪ್ಯೂಟರಿಗೂ 'ಕ'ವೇ. ಆದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಡಿ.ಟಿ.ಪಿ. ಅಂಗಡಿಗಳಿಗೆ ಆ ಸುದ್ದಿ ತಲುಪಿದ್ದು ಬಹಳ ತಡವಾಗಿ. ತಲುಪಿದರೂ ಪ್ರಯೋಜನವಿರಲಿಲ್ಲ, ಅಚ್ಚಿಗೆ ಬಳಸುತ್ತಿದ್ದ ತಂತ್ರಾಂಶಗಳಿಗೇ ಯುನಿಕೋಡ್ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಮದುವೆ ಕರೆಯೋಲೆಯಿಂದ ಹಿಡಿದು ಪಿಎಚ್.ಡಿ. ಪ್ರಬಂಧದವರೆಗೆ ಎಲ್ಲವೂ ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿಗಳ ಹಳೆಯ ಫಾಂಟುಗಳಲ್ಲಿ ಆಯಿತು. ಈ ಫಾಂಟುಗಳದ್ದು ಒಂದು ಮುದ್ದಾದ ವಂಚನೆ. ಇಂಗ್ಲಿಷ್ ಅಕ್ಷರ ಇರಬೇಕಾದ ಮನೆಯಲ್ಲಿ ಕನ್ನಡದ ಚಿತ್ರವನ್ನು ತಂದು ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕದಲ್ಲಿ ಇಂಗ್ಲಿಷು. ಫಾಂಟ್ ಇರುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಫಾಂಟ್ ಹೋದ ದಿನ ಗುಟ್ಟು ರಟ್ಟಾಗುತ್ತದೆ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ 'ಕೊಡಗು' ಇಂಗ್ಲಿಷಿನ 'ಪಿ'ಯಿಂದ ಶುರುವಾಗಿ, ತಲೆಯ ಮೇಲೆ ಗೀಟು, ಬೊಟ್ಟು ಹೊತ್ತ ಯುರೋಪಿನ ಅಕ್ಷರಗಳ ಮೆರವಣಿಗೆಯಾಗುತ್ತದೆ. 'ನ' ಬಂದಲ್ಲೆಲ್ಲ ಬ್ರಿಟಿಷ್ ಪೌಂಡಿನ ಗುರುತು. ಪದಚ್ಯುತ ರಾಜ ಚಿಕ್ಕವೀರರಾಜೇಂದ್ರ 1852ರಲ್ಲಿ ಲಂಡನ್ನಿಗೆ ಹೋಗಿ, ಈಸ್ಟ್ ಇಂಡಿಯಾ ಕಂಪೆನಿಯಿಂದ ತನ್ನ ಹಣ ಬರಬೇಕೆಂದು ಕೋರ್ಟು ಹತ್ತಿ, ಕಾಸೂ ಕಾಣದೆ 1859ರಲ್ಲಿ ಅಲ್ಲೇ ತೀರಿಕೊಂಡ. ಆ ಪೌಂಡುಗಳೆಲ್ಲ ಕೊನೆಗೂ ಊರಿಗೆ ಬಂದು ನಿಮ್ಮ ಸಂಘದ ವಾರ್ಷಿಕ ವರದಿಯೊಳಗೆ ಬಿದ್ದಿವೆ.

ಈಗ ಮಾಡಬೇಕಾದ್ದು. ಮೊದಲನೆಯದಾಗಿ, ಆ ಸಂಚಿಕೆಯನ್ನು ಪುಟ ಕಟ್ಟಿದ ಅಂಗಡಿಯವರನ್ನು ಹುಡುಕಿ ಸ್ನೇಹ ಬೆಳೆಸಿ. ಪುಟ ಕಟ್ಟಿದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 2001ರದ್ದು, ಆಮೇಲೆ ತಯಾರಕರು ಅದನ್ನು ಕೈಬಿಟ್ಟರು. ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಹಳೆಯ ಕಂಪ್ಯೂಟರ್ ಒಂದಿರುತ್ತದೆ, 'ಅದನ್ನ ತೆಗೀಬೇಡಿ, ಹಳೇ ಕೆಲಸ ಎಲ್ಲ ಅದರಲ್ಲೇ ಉಂಟು' ಎಂದು ಮಾಲೀಕರು ಹುಡುಗರಿಗೆ ಗದರಿರುತ್ತಾರೆ. ಕೊಡಗಿನ ಎರಡು ದಶಕಗಳ ಮುದ್ರಣ ಚರಿತ್ರೆ ಆ ಬಟ್ಟೆಯ ಕೆಳಗಿದೆ. ಅದು ಚಾಲೂ ಆದರೆ ಪ್ರತಿ ಕಡತಕ್ಕೂ ಒಂದು ಪಿ.ಡಿ.ಎಫ್. ತೆಗೆಯಿರಿ, ಫಾಂಟನ್ನು ಅದರೊಳಗೇ ಸೇರಿಸಿ. ದೀರ್ಘ ಕಾಲ ಇಡುವುದಕ್ಕೆಂದೇ 2005ರಲ್ಲಿ ರೂಪಿಸಿದ ಪಿ.ಡಿ.ಎಫ್.-ಎ ಎಂಬ ಬಗೆಯಲ್ಲಿ ಫಾಂಟ್ ಒಳಗಿರುವುದು ಕಡ್ಡಾಯ. ನೋಡುವುದಕ್ಕೆ ಇಷ್ಟು ಸಾಕು.

ಹುಡುಕುವುದಕ್ಕೆ ಸಾಲದು. 'ಕಾಫಿ' ಎಂದು ಹುಡುಕಿದರೆ ಸಿಗಬೇಕಾದರೆ ಪಠ್ಯ ಯುನಿಕೋಡಿಗೆ ಬದಲಾಗಬೇಕು. ಅದಕ್ಕೆ ಕನ್ನಡದ ಹುಡುಗರು ಬರೆದ ಉಚಿತ ಪರಿವರ್ತಕಗಳಿವೆ. ಬಹುಪಾಲು ಸರಿಯಾಗಿ ಬರುತ್ತದೆ, ಅರ್ಕಾವೊತ್ತು ಮಾತ್ರ ಎಲ್ಲಿ ಬೀಳುತ್ತದೆಂದು ಹೇಳಲಾಗದು. 'ಕಾರ್ಯದರ್ಶಿ' ಎಂಬ ಒಂದೇ ಪದದಲ್ಲಿ ಅದು ಎರಡು ಸಲ ಎಡವಬಹುದು. ಸ್ಕ್ಯಾನ್ ಪುಟದಿಂದ ಅಕ್ಷರ ಎತ್ತುವ ಓಸಿಆರ್ ತಂತ್ರಾಂಶದ ಕೈಗೆ ಕೊಡವ ತಕ್ಕ್ ಭಾಷೆಯ ಪುಟ ಕೊಟ್ಟರಂತೂ ಮುಗಿಯಿತು, ಅದಕ್ಕೆ ಗೊತ್ತಿರುವುದು ಕನ್ನಡ ಮಾತ್ರ. ಕನ್ನಡಕ್ಕಿಲ್ಲದ ಸ್ವರಗಳಿಗೆ ಹಾಕಿದ ಗುರುತುಗಳನ್ನು ಧೂಳೆಂದು ತಿಳಿದು ಒರೆಸಿಬಿಡುತ್ತದೆ. ಕೊನೆಗೆ ಒಬ್ಬರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಲೇಬೇಕು. ಆ ಒಬ್ಬರಿಗೆ ಕಾಫಿ, ತಿಂಡಿಯ ವ್ಯವಸ್ಥೆ ಮಾಡುವುದು ಈ ವಿಭಾಗದ ಅತ್ಯಂತ ಮುಖ್ಯ ತಾಂತ್ರಿಕ ಸೂಚನೆ.

ಮೂರು ಪ್ರತಿ

ಒಂದು ಪ್ರತಿ ಇದ್ದರೆ ಪ್ರತಿಯೇ ಇಲ್ಲವೆಂದು ತಿಳಿಯಿರಿ. ಮೂರು ಇರಲಿ. ಇದನ್ನು ಓದಿದ ಸಂಸ್ಥೆಗಳು ಕೂಡಲೇ ಇನ್ನೆರಡು ಡಿಸ್ಕ್ ಕೊಂಡು, ಮೂರನ್ನೂ ಒಂದರ ಮೇಲೊಂದು ಇಟ್ಟು, ಅದೇ ಬೀರುವಿನಲ್ಲಿ ಬೀಗ ಹಾಕಿ, ಬೀಗದಕೈಯನ್ನು ಬೀರುವಿನ ಮೇಲೆ ಇಡುತ್ತವೆ.

ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಬಂದ ಪುಸ್ತಕದಿಂದ ಹೆಸರಾದ ಎಂ.ಎನ್. ಶ್ರೀನಿವಾಸ್ ಅವರ ಕಥೆ ಕೇಳಿ. ಮೈಸೂರು ಸೀಮೆಯ ರಾಂಪುರದಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಅವರು ಹದಿನೆಂಟು ವರ್ಷ ತಿದ್ದಿ, ವಿಂಗಡಿಸಿ, ಮೂರು ಪ್ರತಿ ಮಾಡಿಟ್ಟಿದ್ದರು. ಶಿಸ್ತು ಅಂದರೆ ಅದು. ಪುಸ್ತಕ ಬರೆಯಲೆಂದು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋದಾಗ ಮೂರೂ ಪ್ರತಿಗಳು ಅವರ ಕೋಣೆಯಲ್ಲೇ ಇದ್ದವು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಇಟ್ಟರು. ಆಮೇಲೆ ಅವರು ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು, ಅದು ದೊಡ್ಡ ಪುಸ್ತಕವೂ ಹೌದು. ನಿಮ್ಮ ಖಜಾಂಚಿಗೆ ಅಂಥ ನೆನಪಿನ ಶಕ್ತಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಮೂರೂ ಬೇರೆ ಬೇರೆ ಸ್ಥಳಗಳಲ್ಲಿರಬೇಕು. ಬೇರೆ ಬೇರೆ ಸ್ಥಳ ಎಂದರೆ ಮೇಲಿನ ಮನೆ, ಕೆಳಗಿನ ಮನೆ ಅಲ್ಲ. ಒಂದೇ ಗುಡ್ಡದ ಮೇಲಿರುವುದೆಲ್ಲ ಒಂದೇ ಸ್ಥಳ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಮನೆಗಳೇ ಹೋದವು. ಪಡಿತರ ಚೀಟಿ, ಪಹಣಿ, ಅಂಕಪಟ್ಟಿ, ಮದುವೆಯ ಆಲ್ಬಮ್ ಮಣ್ಣಿನ ಜೊತೆ ಹೋದವು. ಪಹಣಿ, ಪಡಿತರ ಚೀಟಿಗಳನ್ನು ಮತ್ತೆ ಪಡೆಯುವ ದಾರಿ ಇತ್ತು, ಅವುಗಳ ಇನ್ನೊಂದು ಪ್ರತಿ ಯಾವುದೋ ದೂರದ ಸರ್ವರಿನಲ್ಲಿತ್ತು. ಆಲ್ಬಮ್ಮಿಗೆ ಮರುಪ್ರತಿ ಕೊಡುವ ಕಚೇರಿ ಯಾವುದೂ ಇಲ್ಲ. ಒಂದು ಪ್ರತಿ ಇಲ್ಲಿರಲಿ, ಒಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಮನೆಯಲ್ಲಿರಲಿ, ಒಂದು ಸಮುದ್ರದಾಚೆ ಇರಲಿ.

ಸಮುದ್ರದಾಚೆ ಇದ್ದರೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಕೊಡಗಿನ ಎಷ್ಟೋ ಕಂಪೆನಿ ಕಾಲದ ಕಾಗದಗಳನ್ನು ಇಟ್ಟುಕೊಂಡಿರುವ ಬ್ರಿಟಿಷ್ ಲೈಬ್ರರಿಯ ಮೇಲೆ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿ ನಡೆದು, ಅದರ ಸೂಚಿ ತಿಂಗಳುಗಟ್ಟಲೆ ಮುಚ್ಚಿತ್ತು. ಒಂದು ವರ್ಷದ ನಂತರ ಇಂಟರ್ನೆಟ್ ಆರ್ಕೈವ್ ಸರದಿ. ನಮ್ಮದೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಪುಟದ ಮೇಲೆ ಹೆಬ್ಬೆರಳು ಕಾಣುತ್ತಿತ್ತು, ಕನ್ನಡ ಪುಸ್ತಕಗಳ ಹೆಸರು ಗುರುತು ಸಿಗದ ಇಂಗ್ಲಿಷಿನಲ್ಲಿತ್ತು, ಎಲ್ಲ ನಿಜ. ಆ ಹೆಸರುಗಳನ್ನು ಕನ್ನಡಕ್ಕೆ ತಂದು ಹುಡುಕುವಂತೆ ಮಾಡಿದ್ದು 'ಪುಸ್ತಕ ಸಂಚಯ'ದ ಸ್ವಯಂಸೇವಕರು. ಆಮೇಲೆ ಒಂದು ದಿನ ಆ ತಾಣವೇ ಇಲ್ಲವಾಯಿತು. ಇವತ್ತು ನಿಮ್ಮ ಫೋನಿನಲ್ಲಿ ಆ ಕಾಲದ ಸ್ಕ್ಯಾನ್ ಸಿಗುತ್ತಿದ್ದರೆ, ತಾಣ ಮುಚ್ಚುವ ಮೊದಲೇ ಯಾರೋ ಹಟ ಹಿಡಿದು ಅವನ್ನೆಲ್ಲ ಇಂಟರ್ನೆಟ್ ಆರ್ಕೈವಿಗೆ ಎತ್ತಿ ಹಾಕಿದ್ದರಿಂದ. ಅಂಥವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಶಾಲು ಹೊದಿಸುವವರಿಗೆ ಅವರು ಮಾಡಿದ್ದು ಏನೆಂದು ವಿವರಿಸುವುದೂ ಕಷ್ಟ.

ವಾರ್ಷಿಕ ಆರೈಕೆ

ದಿನ: ಕೈಲ್‌ಪೊಳ್ದ್ ಹಬ್ಬ. ಸೆಪ್ಟೆಂಬರ್ ಆರಂಭ, ನಾಟಿ ಮುಗಿದಿರುತ್ತದೆ, ಮಳೆಯ ಕೋಪ ತಗ್ಗಿರುತ್ತದೆ. ಕೋವಿ, ಒಡಿಕತ್ತಿಗಳನ್ನು ಉಜ್ಜಿ, ತೋಕ್ ಪೂ ಇಟ್ಟು ಪೂಜಿಸುವಾಗ ಡಿಸ್ಕನ್ನೂ ಹೊರಗೆ ತೆಗೆಯಿರಿ. ಕೊಡವರ ಕೋವಿಗೆ ಲೈಸೆನ್ಸಿನ ವಿನಾಯಿತಿ ಉಂಟು. ಡಿಸ್ಕಿಗೆ ಯಾವ ವಿನಾಯಿತಿಯೂ ಇಲ್ಲ. ಕುಂಕುಮವನ್ನು ಅದರ ಮೈಮೇಲೆ ಹಚ್ಚಬಹುದು, ಕೇಬಲ್ ಚುಚ್ಚುವ ತೂತಿನೊಳಗೆ ಹಾಕಬಾರದು.

ಮೂರೂ ಪ್ರತಿಗಳನ್ನು ಚಾಲೂ ಮಾಡಿ ನೋಡುವುದು ಮೊದಲ ಕೆಲಸ. ಫೈಲ್ ತೆರೆಯಿತು ಎಂದ ಮಾತ್ರಕ್ಕೆ ಸರಿಯಿದೆ ಎನ್ನಲಾಗದು; ಒಳಗೆ ಒಂದು ಚುಕ್ಕೆ ಬದಲಾದರೂ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಹ್ಯಾಶ್ ಎಂಬ ಬೆರಳಚ್ಚು ಇದೆ. ಎಷ್ಟೇ ದೊಡ್ಡ ಫೈಲಿದ್ದರೂ ಕಂಪ್ಯೂಟರ್ ಅದನ್ನು ಅರೆದು 64 ಅಕ್ಷರಗಳ ಒಂದು ಸಾಲಾಗಿ ಕೊಡುತ್ತದೆ. ಹೋದ ವರ್ಷದ ಸಾಲು, ಈ ವರ್ಷದ ಸಾಲು ಒಂದೇ ಆದರೆ ಫೈಲ್ ಹಾಗೇ ಇದೆ. ಒಂದು ಅಕ್ಷರ ತಪ್ಪಿದರೂ ಇನ್ನೊಂದು ಪ್ರತಿಯಿಂದ ಸರಿಯಾದ್ದನ್ನು ತಂದು ಹಾಕಿ.

ಇದು ಹೊಸ ವಿದ್ಯೆ ಎಂದು ಹೆದರುವ ಹಿರಿಯರಿಗೆ ದುಡಿಕೊಟ್ಟ್ ಪಾಟ್ ನೆನಪಿಸಿ. ದುಡಿ ಹಿಡಿದ ನಾಲ್ವರು. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನು ತಿರುಗಿ ಹಾಡುತ್ತಾರೆ. ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ಪೊಲೀಸ್ ಕೆಲಸದಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಈ ಹಾಡುಗಳನ್ನು ಕೇಳಿ ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸುವ ಹೊತ್ತಿಗೆ ಅವು ಎಷ್ಟು ತಲೆಮಾರುಗಳ ಬಾಯಿ ದಾಟಿ ಬಂದಿದ್ದವೋ. ಅಚ್ಚಾದ ಮೇಲೂ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಯಾರೂ ಕೈ ತೊಳೆದುಕೊಳ್ಳಲಿಲ್ಲ. ಮರುಮುದ್ರಣ ಆಯಿತು, 2003ರಲ್ಲಿ ಮೊಮ್ಮಕ್ಕಳಾದ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೆ ತಂದರು, ಅದೇ ದಂಪತಿ ಆಮೇಲೆ ಊರೂರು ಸುತ್ತಿ ಐನ್‌ಮನೆಗಳನ್ನೂ ದಾಖಲಿಸಿದರು. ಪುತ್ತರಿಗೆ ಹಾಡುವವರು ಈಗಲೂ ಹಾಡುತ್ತಾರೆ. ಆ ಹಾಡುಗಳಿಗೆ ಉದ್ಘಾಟನಾ ಸಮಾರಂಭ ನಡೆದ ದಾಖಲೆ ಎಲ್ಲೂ ಇಲ್ಲ.

ಬೆರಳಚ್ಚಿನಿಂದ ಇನ್ನೊಂದು ಲಾಭವಿದೆ. ನಿಮ್ಮ ಭಂಡಾರ ನೋಡಲು ಬರುವವರೆಲ್ಲ ಸಂಶೋಧಕರೆಂದು ಭ್ರಮಿಸಬೇಡಿ. ಜಮ್ಮಾ ಬಾಣೆ ಜಮೀನಿನ ವ್ಯಾಜ್ಯ ತಲೆಮೇಲಿರುವವರು, ಅವರ ಹಿಂದೆ ವಕೀಲರು. ಅರಸ ಲಿಂಗರಾಜನ ಕಾಲದ ಕಂದಾಯ ಶಿಸ್ತಿನ ನಕಲು, ಅಜ್ಜನ ಸಹಿ ಇರುವ ಪಾಲುಪಟ್ಟಿ ಅವರಿಗೆ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯಲೆಂದೇ ಜಾಗವಿದೆ. ಸಾಹಿತ್ಯ, ಸಂಸ್ಕೃತಿಗೆ ಕಾಸು ಬಿಚ್ಚದ ಸಮಿತಿ ಸದಸ್ಯರಿಗೆ ಈ ಪ್ಯಾರಾ ಓದಿ ಹೇಳಿ. ಬಾಣೆಯ ಹೆಸರೆತ್ತಿದರೆ ಎದ್ದು ಕೂರುತ್ತಾರೆ.

ತೊಂದರೆ ಮತ್ತು ಪರಿಹಾರ

ಡಿಸ್ಕ್ ಟಕ್ ಟಕ್ ಎನ್ನುತ್ತಿದೆ: ಕೂಡಲೇ ಕೇಬಲ್ ಕೀಳಿ. ತಟ್ಟಿ ನೋಡಬೇಡಿ, ಅದು ರೇಡಿಯೋ ಅಲ್ಲ.

ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲಿದೆ: ಇಲ್ಲ. ಅಲ್ಲಿ ಹಾಕಿದ ಫೋಟೋವನ್ನು ಅದು ಕುಗ್ಗಿಸುತ್ತದೆ, ತೆಗೆದ ದಿನಾಂಕದ ವಿವರವನ್ನು ಕಳಚಿ ಬಿಸಾಡುತ್ತದೆ, ಅದರ ಮೇಲೆ ನೂರು ಶುಭೋದಯ ಬಂದು ಬೀಳುತ್ತದೆ.

ಎಲ್ಲವೂ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇದೆ: ಊರಿನ ಹುಡುಗರೆಲ್ಲ ಕೂಡಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಉಚಿತದ ತಿಥಿಯನ್ನು ಕೊಟ್ಟವರೇ ನಿರ್ಧರಿಸುತ್ತಾರೆ.

ಹಾಕಿ ಹಬ್ಬದ ಹಳೆಯ ಚಿತ್ರಗಳು ಯಾರ ಬಳಿ ಇವೆಯೋ ಗೊತ್ತಿಲ್ಲ: ಇದು ಸ್ವಲ್ಪ ಕಠಿಣ. 1997ರಲ್ಲಿ ಕರಡದಲ್ಲಿ ಪಾಂಡಂಡ ಒಕ್ಕದವರು ಅರುವತ್ತು ಕುಟುಂಬಗಳ ತಂಡ ಸೇರಿಸಿ ಈ ಹಬ್ಬ ಆರಂಭಿಸಿದಾಗ ಇದ್ದದ್ದು ಫಿಲ್ಮ್ ಕ್ಯಾಮೆರಾ. ಆಮೇಲೆ ಸಿ.ಡಿ., ಆಮೇಲೆ ಪೆನ್‌ಡ್ರೈವ್, ಈಗ ಫೋನು. ವರ್ಷಕ್ಕೊಂದು ಒಕ್ಕ ಹಬ್ಬ ವಹಿಸಿಕೊಳ್ಳುವುದು ಆ ಹಬ್ಬದ ಜೀವಾಳ. ಭಂಡಾರಕ್ಕೆ ಅದೇ ಗ್ರಹಚಾರ, ಪ್ರತಿ ವರ್ಷದ ಚಿತ್ರಗಳು ಪ್ರತಿ ಮನೆಯ ಕಪಾಟಿಗೆ. ಕಪ್ ಹಸ್ತಾಂತರಿಸುವಾಗ ಅದರೊಳಗೇ ಒಂದು ಡಿಸ್ಕ್ ಹಾಕಿ ಮುಂದಿನ ಒಕ್ಕಕ್ಕೆ ಕೊಡುವ ಪದ್ಧತಿ ಶುರು ಮಾಡಬಹುದು. ಕಪ್ಪಿನಲ್ಲಿ ಬೇರೆ ಏನನ್ನೂ ತುಂಬಿಸದ ಹೊತ್ತು ನೋಡಿಕೊಂಡು.

ಪಾಸ್‌ವರ್ಡ್ ಗೊತ್ತಿಲ್ಲ: ಹಿಂದಿನ ಕಾರ್ಯದರ್ಶಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಸಂಭಾಷಣೆ ಹೀಗಿರುತ್ತದೆ.

'ಅಣ್ಣ, ಆ ಡಿಸ್ಕಿನ ಪಾಸ್‌ವರ್ಡ್ ಏನಿಟ್ಟಿದ್ರಿ?'

'ಸುಲಭ ಮಾರಾಯ. ನನ್ನ ಸ್ಕೂಟರ್ ನಂಬರು.'

'ನಂಬರ್ ಹೇಳಿ ಅಣ್ಣ.'

'ಅದನ್ನ ಮಾರಿ ಹತ್ತು ವರ್ಷ ಆಯ್ತಲ್ಲ!'

ಖಾತರಿ

ಡಿಸ್ಕಿಗೆ ಎರಡು ಮೂರು ವರ್ಷದ ಖಾತರಿ ಇದೆ. ಈ ಅವಧಿಯಲ್ಲಿ ಅದು ಕೆಟ್ಟರೆ ತಯಾರಕರು ಹೊಸ ಡಿಸ್ಕ್ ಕೊಡುತ್ತಾರೆ. ಖಾಲಿಯದನ್ನು. ಒಳಗಿದ್ದದ್ದರ ಬಗ್ಗೆ ಅವರು ಯಾವ ಮಾತೂ ಕೊಟ್ಟಿಲ್ಲ. ಸಣ್ಣ ಅಕ್ಷರಗಳಲ್ಲಿ ಹಾಗೆಂದು ಬರೆದಿದೆ, ಓದಿಕೊಳ್ಳಿ. ಖಾತರಿ ಮುಗಿದ ಡಿಸ್ಕ್ ಇನ್ನೂ ಓಡುತ್ತಿದ್ದರೆ ಸಂತೋಷಪಡುವ ಬದಲು ಹೊಸದು ಕೊಂಡು ಎಲ್ಲವನ್ನೂ ಅದಕ್ಕೆ ವರ್ಗಾಯಿಸಿ. ಮೂರು ವರ್ಷ ಬಿಟ್ಟು ಮತ್ತೆ. ಆಮೇಲೆ ಮತ್ತೆ. ಇದಕ್ಕೆ ಬಜೆಟ್ಟಿನಲ್ಲಿ ಪ್ರತಿ ವರ್ಷ ಒಂದು ಸಾಲು ಬೇಕು. ಶಾಮಿಯಾನದ ಸಾಲಿನ ಕೆಳಗೆ ಬರೆದರೆ ಯಾರೂ ತಕರಾರು ಮಾಡುವುದಿಲ್ಲ.

ಭಂಡಾರವನ್ನು ವಹಿಸಿಕೊಂಡವರು ಕೆಳಗಿನ ನಮೂನೆಯನ್ನು ತುಂಬಿ, ಕಾಗದದ ಮೇಲೆ, ಶಾಯಿಯಲ್ಲಿ, ಡಬ್ಬದೊಳಗೆ ಇಡತಕ್ಕದ್ದು.

ಈ ವರ್ಷ ಪರೀಕ್ಷಿಸಿದವರ ಹೆಸರು (ಮನೆಹೆಸರು ಮೊದಲು): ……………

ಪರೀಕ್ಷಿಸಿದ ದಿನಾಂಕ: ……………

ಪಾಸ್‌ವರ್ಡ್ ಬರೆದ ಲಕೋಟೆ ಯಾರ ಬಳಿ ಇದೆ: ……………

ಮುಂದಿನ ಕೈಲ್‌ಪೊಳ್ದ್‌ಗೆ ಪರೀಕ್ಷಿಸುವವರ ಹೆಸರು: ……………

ಕೊನೆಯ ಸಾಲಿನಲ್ಲಿ ಮೊದಲ ಸಾಲಿನ ಹೆಸರನ್ನೇ ಬರೆಯುವಂತಿಲ್ಲ. 'ಸಮಿತಿಯವರು' ಎಂದು ಬರೆದ ನಮೂನೆಗಳನ್ನು ಸ್ವೀಕರಿಸಲಾಗುವುದಿಲ್ಲ.